ಬಾಳಪ್ಪ ಪೈಲ್ವಾನರ ವಿಶ್ವಾಸಾರ್ಹ ಉತ್ತರಗಳು

ಬಾಳಪ್ಪ ಪೈಲ್ವಾನರ ಬಾಯಲ್ಲಿ ಒಂದು ಗಟ್ಟಿ ಹಲ್ಲು ಹುಡುಕುವುದು ಅನುಸೂಯಾ ಕಮ್ಮಾರಳಿಗೆ ಸುಲಭವಾಗಲಿಲ್ಲ. ಮುಂದಿನವು ಕುಸ್ತಿಯಲ್ಲಿ ಹೋಗಿದ್ದವು, ಹಿಂದಿನವು ವಯಸ್ಸಿಗೆ ಉದುರಿದ್ದವು. ಕಡೆಗೆ ಬಲದವಡೆಯಲ್ಲಿ ಒಂದು ಹಲ್ಲು ಅಲುಗದೆ ನಿಂತಿದ್ದು ಸಿಕ್ಕಿತು. ಅದಕ್ಕೆ ಅಂಟು ಸವರಿ, ಚಿಮುಟದಲ್ಲಿ ಹಿಡಿದಿದ್ದ ಹಲ್ಲುಮಣಿಯನ್ನು ಒತ್ತಿ, ಮೇಲೆ ನೀಲಿ ದೀಪ ಹಿಡಿದಳು.

“ಬಾಯಿ ಮುಚ್ಚಬ್ಯಾಡ್ರಿ ಅಜ್ಜಾರ, ಇನ್ನ ಒಂಚೂರು.”

ಮುದುಕರು ಬಾಯಿ ತೆರೆದುಕೊಂಡೇ ನಗಲು ನೋಡಿದರು. ದೀಪ ಆರಿದ ಮೇಲೆ ದವಡೆ ಆಡಿಸಿ, ನಾಲಿಗೆಯಿಂದ ಮಣಿಯನ್ನು ಮುಟ್ಟಿ ನೋಡಿ, “ನನ್ನ ದವಡಿಗೆ ಕೈ ಹಾಕಿ ಗೆದ್ದಾಕಿ ನೀ ಒಬ್ಬಾಕೀನ ನೋಡವ್ವಾ,” ಎಂದರು.

ಹುಬ್ಬಳ್ಳಿಯ ಹಳೇ ಓಣಿಯೊಂದರಲ್ಲಿ, ಬೀಗ ಬಿದ್ದ ಗರಡಿಮನೆಯ ಹಿಂದೆ ಅವರ ಎರಡು ಕೋಣೆಯ ಮನೆ. ಒಂದು ಕಾಲದಲ್ಲಿ ಬೆಳಗಾವಿ, ಕೊಲ್ಹಾಪುರದ ತನಕ ಹೆಸರಿದ್ದ ಮನುಷ್ಯ. ಈಗ ಭುಜದ ಎಲುಬು ಅಂಗಿಯೊಳಗಿಂದ ಗೂಟದ ಹಾಗೆ ಎದ್ದು ಕಾಣುತ್ತಿತ್ತು. ಒಬ್ಬನೇ ಮಗ ಲಾರಿ ಅಪಘಾತದಲ್ಲಿ ತೀರಿಹೋಗಿದ್ದ. ಮನೆಯಲ್ಲಿ ಉಳಿದವರು ಇವರು ಮತ್ತು ಸೊಸೆ ಕಾಶವ್ವ. ಅವಳು ಮದುವೆ ಅಡುಗೆಯವರ ತಂಡದಲ್ಲಿ ತರಕಾರಿ ಹೆಚ್ಚುವ, ಹೂರಣ ರುಬ್ಬುವ, ದೊಡ್ಡ ಪಾತ್ರೆ ತಿಕ್ಕುವ ಕೆಲಸಕ್ಕೆ ಹೋಗುತ್ತಿದ್ದಳು.

ರೇಷನ್ ಕಾರ್ಡು ಹೋಗಿ ಆಹಾರಶ್ರೇಣಿ ಬರಲಿದ್ದ ಕಾಲ ಅದು. ಆದಾಯ ಕೇಳಿದರೆ ಎಲ್ಲರೂ ಸುಳ್ಳು ಹೇಳುತ್ತಾರೆ, ಆದ್ದರಿಂದ ಯಾರು ಏನು ತಿನ್ನುತ್ತಾರೋ ಅದನ್ನೇ ಅಳೆದು ಧಾನ್ಯ ಕೊಡೋಣ ಎಂದು ಆಹಾರ ಮಂಡಳಿ ತೀರ್ಮಾನಿಸಿತ್ತು. ಅಳೆಯುವ ಉಪಾಯವೂ ಇತ್ತು. ಅಕ್ಕಿಕಾಳಿಗಿಂತ ಸಣ್ಣದಾದ ಹಲ್ಲುಮಣಿ ಜಗಿದದ್ದನ್ನು ಎಣಿಸುತ್ತಿತ್ತು, ಜೊಲ್ಲಿನಲ್ಲಿ ಕರಗಿದ ಹಿಟ್ಟು, ಸಕ್ಕರೆ, ಜಿಡ್ಡು, ಉಪ್ಪನ್ನು ಗುರುತಿಸುತ್ತಿತ್ತು, ಬಾಯಿಗೆ ಬಿದ್ದದ್ದು ರೊಟ್ಟಿಯೋ ಹಾಲೋ ಎಂಬುದನ್ನು ಆಗಿಂದಾಗ ಪ್ರಯೋಗಾಲಯಕ್ಕೆ ಕಳಿಸುತ್ತಿತ್ತು. ಆದರೆ ಮಣಿ ದುಬಾರಿ, ಕೆಲವೇ ತಿಂಗಳು ಬಾಳುತ್ತಿತ್ತು. ಇಡೀ ರಾಜ್ಯದ ಬಾಯಿಗೆ ಅಂಟಿಸುವುದು ಆಗದ ಮಾತು. ಅದರ ಬದಲಿಗೆ ಒಂದು ಪ್ರಶ್ನಾವಳಿ ಸಿದ್ಧವಾಯಿತು. ಹಾಲು ಎಷ್ಟು ಸಲ, ಬೇಳೆ ಎಷ್ಟು ಸಲ, ಹಸಿದು ಮಲಗಿದ್ದುಂಟೇ ಎಂದು ಕೇಳುವುದು, ಉತ್ತರದ ಮೇಲೆ ಶ್ರೇಣಿ ಕೊಡುವುದು. ಈ ಪ್ರಶ್ನಾವಳಿಯನ್ನು ನಂಬಬಹುದೇ ಎಂದು ನೋಡುವುದಕ್ಕೆ ಆಯ್ದ ಕೆಲವು ಮನೆಗಳಲ್ಲಿ ಪರೀಕ್ಷೆ ನಡೆದಿತ್ತು. ವೈಶಾಖದಲ್ಲಿ ಒಮ್ಮೆ ಕೇಳಬೇಕು, ಆಷಾಢದಲ್ಲಿ ಅದನ್ನೇ ಮತ್ತೊಮ್ಮೆ ಕೇಳಬೇಕು. ಎರಡು ಉತ್ತರಗಳು ಒಂದಕ್ಕೊಂದು ಹೊಂದಬೇಕು, ಮಣಿ ಹೇಳುವುದಕ್ಕೂ ಹೊಂದಬೇಕು.

ಮಣಿ ಏನು ಮಾಡುತ್ತದೆಂದು ಮನೆಯವರಿಗೆ ಪೂರ್ತಿ ಹೇಳುವಂತಿರಲಿಲ್ಲ. ಹೇಳಿದರೆ ಅಂಜಿ ಉತ್ತರ ಕೊಡುತ್ತಾರೆಂದು ಮಂಡಳಿಯ ಲೆಕ್ಕ. “ಜಗಿಯುವ ಶಕ್ತಿ ನೋಡಾಕ” ಎಂದಷ್ಟೇ ಮಂಡಳಿಯ ಕಾರ್ಯಕರ್ತೆ ಅನುಸೂಯಾ ಹೇಳಬೇಕಿತ್ತು, ಹಾಗೆಯೇ ಹೇಳಿದಳು.

“ಕೇಳು, ಏನ್ ಕೇಳ್ತಿ,” ಎಂದು ಪೈಲ್ವಾನರು ಗೋಡೆ ಬಿಟ್ಟು ನೆಟ್ಟಗೆ ಕೂತರು.

“ಹೋದ ತಿಂಗಳದಾಗ ಹಾಲು ದಿನಾ ಕುಡದ್ರ್ಯೋ, ವಾರಕ್ಕೊಮ್ಮೆಯೋ, ಇಲ್ಲವೇ ಇಲ್ಲೋ?”

“ದಿನಾ. ಮುಂಜಾನೆ ಅರ್ಧ ಸೇರು, ಸಂಜಿಕ ಅರ್ಧ ಸೇರು. ಎಮ್ಮೀದು. ಆಕಳದ್ದು ನನಗ ಸೇರಂಗಿಲ್ಲ.”

“ಬದಾಮಿ, ಶೇಂಗಾ ಇಂಥಾವು?”

“ನೆನಿ ಇಟ್ಟು ಸಿಪ್ಪಿ ತಗದು, ದಿನಾ ಒಂದು ಹಿಡಿ ಬದಾಮಿ.”

“ರೊಟ್ಟಿ?”

“ಹೊತ್ತಿಗೆ ಐದು. ಮ್ಯಾಲ ತುಪ್ಪ. ವಾರದಾಗ ಎರಡು ಸಲ ಆಡಿನ ಕಾಲಿನ ಸೂಪು.”

“ಉಣ್ಣಾಕ ಇಲ್ಲದ ಹಸದು ಮಲಗಿದ್ದು?”

ಅವರು ಸೊಸೆಯತ್ತ ನೋಡಲಿಲ್ಲ. “ನನ್ನ ಸೊಸಿ ಇರೋ ಮನ್ಯಾಗ ನಾ ಹಸದು ಮಲಗೂದಾ? ಬರಕೋ, ಇಲ್ಲ ಅಂತ.”

ಕಾಶವ್ವ ಅಡುಗೆಮನೆಯ ಬಾಗಿಲಿಗೆ ಒರಗಿ ನೆಲ ನೋಡುತ್ತಿದ್ದಳು. ಅವಳ ಹಲ್ಲಿಗೂ ಮಣಿ ಅಂಟಿಸಿ ಪ್ರಶ್ನೆ ಕೇಳಿದಾಗ ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮದುವೆಯ ತಿಂಗಳು. ದಿನಾ ಯಾವುದಾದರೂ ಕಲ್ಯಾಣಮಂಟಪ. ಹೋಳಿಗೆ, ಶಿರಾ, ಪಲಾವ್, ಬದನೆಕಾಯಿ ಪಲ್ಯ. “ಪಂಕ್ತಿ ಮುಗದ ಮ್ಯಾಲ ನಮಗೂ ಹೊಟ್ಟಿ ತುಂಬ ಇರತೈತ್ರಿ ಅಕ್ಕಾರ. ಮನಿಗೂ ಕಟಗೊಂಡ ಬರತೀನಿ. ಮಾವಾರು ಮುಟ್ಟಂಗಿಲ್ಲ.” ಕಡೆಯ ಮಾತನ್ನು ಹೊರಗೆ ಬೀಳ್ಕೊಡಲು ಬಂದಾಗ ಸಣ್ಣ ದನಿಯಲ್ಲಿ ಹೇಳಿದ್ದಳು. “ಮಂದಿ ಪಂಕ್ತ್ಯಾಗ ಉಳದದ್ದು ನಾ ತಿನ್ನಂಗಿಲ್ಲ ಅಂತಾರ.”

ಪ್ರಯೋಗಾಲಯದ ಒಂದು ಗೋಡೆಯ ತುಂಬ ಪರದೆ. ಅದರ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಪಟ್ಟಿ ಬಲಗಡೆಗೆ ನಿಧಾನ ಬೆಳೆಯುತ್ತಿತ್ತು. ಜೋಳ, ಅಕ್ಕಿ, ಗೋದಿಗೆ ಕಂದು ಬಣ್ಣ. ಹಾಲು ಬಿಳಿ. ಎಣ್ಣೆ ತುಪ್ಪ ಹಳದಿ. ಏನೂ ಇಲ್ಲದ ಹೊತ್ತಿಗೆ ಕಪ್ಪು. ಹೆಸರಿನ ಬದಲು ಬರೀ ಸಂಖ್ಯೆ ಇರುತ್ತಿತ್ತಾದರೂ ತಾನು ಅಂಟಿಸಿದ ಮಣಿಗಳು ಯಾವುವು ಎಂದು ಅನುಸೂಯಾಗೆ ಗೊತ್ತಿತ್ತು.

ಕಾಶವ್ವನ ಪಟ್ಟಿ ಬಣ್ಣಬಣ್ಣದ ಇಳಕಲ್ ಸೀರೆಯ ಸೆರಗಿನಂತಿತ್ತು. ಅದರ ಕೆಳಗಿನದು ಪೈಲ್ವಾನರದು. ಬೆಳಿಗ್ಗೆ ಸಕ್ಕರೆ ಕಡಿಮೆಯಾದ ಕರಿಚಹಾ. ಅದರಲ್ಲಿ ಅದ್ದಿದ ರೊಟ್ಟಿಯ ಚೂರು. ಸಂಜೆ ಮತ್ತೊಂದು ಚೂರು, ಖಾರದಪುಡಿ. ಉಳಿದದ್ದು ಕಪ್ಪು. ಬಿಳಿ ಎಲ್ಲಿಯೂ ಇರಲಿಲ್ಲ.

ಜ್ಯೇಷ್ಠ ಮುಗಿಯುತ್ತ ಬಂದ ಹಾಗೆ ಕಾಶವ್ವನ ಸೆರಗೂ ಮಾಸತೊಡಗಿತು. ಆಷಾಢದಲ್ಲಿ ಮದುವೆಗಳಿಲ್ಲ. ಮದುವೆಯಿಲ್ಲದಿದ್ದರೆ ಕೂಲಿಯೂ ಇಲ್ಲ, ಪಂಕ್ತಿಯೂ ಇಲ್ಲ. ಹಳದಿ ಹೋಯಿತು, ಬಿಳಿ ಹೋಯಿತು, ಒಂದು ಕಂದು ಗೆರೆ ಉಳಿಯಿತು. ವಿಚಿತ್ರವೆಂದರೆ ಕಾಶವ್ವನ ಪಟ್ಟಿಯಲ್ಲಿ ಕಂದು ಉಳಿದ ಹೊತ್ತಿಗೇ ಪೈಲ್ವಾನರದ್ದು ಪೂರ್ತಿ ಕಪ್ಪಾಗುತ್ತಿತ್ತು. ಅನುಸೂಯಾ ಕೆಲವು ದಿನ ಅದನ್ನೇ ನೋಡಿದಳು. ಮನೆಯಲ್ಲಿ ಒಬ್ಬರಿಗೆ ಸಾಲುವಷ್ಟೇ ಹಿಟ್ಟಿತ್ತು. ಮುದುಕರು ಗರಡಿಯ ಗೆಳೆಯರ ಮನೆಯಲ್ಲಿ ಉಂಡು ಬಂದೆನೆಂದು ಹೇಳಿ ತಮ್ಮ ಪಾಲಿನ ರೊಟ್ಟಿಯನ್ನು ಸೊಸೆಯ ಕಡೆಗೆ ಸರಿಸುತ್ತಿದ್ದರೆಂದು ಆಮೇಲೆ ಕಾಶವ್ವನ ಬಾಯಿಂದಲೇ ಅವಳಿಗೆ ತಿಳಿಯಿತು.

ಅನುಸೂಯಾ ಮುಖ್ಯಸ್ಥೆ ಡಾ. ಮಂದಾಕಿನಿ ಮಾಳವಾಡರ ಕೋಣೆಗೆ ಹೋದಳು. ಪ್ರಶ್ನಾವಳಿಯನ್ನು ರೂಪಿಸಿದವರು ಅವರೇ. ಒರಟು ಹೆಂಗಸಲ್ಲ. ಸಿಬ್ಬಂದಿಯ ಮಕ್ಕಳ ಹುಟ್ಟುಹಬ್ಬ ನೆನಪಿಟ್ಟು ಕೇಳುವವರು.

“ಮೇಡಂ, ಆ ಮುದುಕ್ರು ಹಿಂಗ ಆದ್ರ ಉಳ್ಯಂಗಿಲ್ಲ. ಒಂದು ಚೀಲ ಜೋಳ ಕಳಸೂಣು. ಕಚೇರಿಯಿಂದ ಅಂತ ಹೇಳೂದು ಬ್ಯಾಡ.”

ಮಾಳವಾಡರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ತಕ್ಕಡಿ ಸರಿಯಾಗಿದೆಯೋ ಇಲ್ಲವೋ ಅಂತ ಹೇಗೆ ನೋಡ್ತಾರೆ? ಒಂದೇ ಕಲ್ಲನ್ನು ಎರಡು ಸಲ ತೂಗ್ತಾರೆ. ನಡುವೆ ನೀನು ಆ ಕಲ್ಲಿಗೆ ಮಣ್ಣು ಮೆತ್ತಿದರೆ ತೂಕ ಬದಲಾದದ್ದು ತಕ್ಕಡಿಯಿಂದಲೋ ಮಣ್ಣಿನಿಂದಲೋ ಹೇಗೆ ಗೊತ್ತಾಗಬೇಕು?”

“ಅವ್ರು ಹಸದಾರ್ರಿ ಮೇಡಂ.”

“ಪಟ್ಟಿಯಲ್ಲಿ ಕಪ್ಪಾಗಿರೋದು ಅವರೊಬ್ಬರದ್ದೇ ಅಲ್ಲ. ಒಬ್ಬರಿಗೆ ಕೊಟ್ಟರೆ ಎಲ್ಲರಿಗೂ ಕೊಡಬೇಕಾಗ್ತದೆ. ಎಲ್ಲರಿಗೂ ಕೊಟ್ಟ ಮೇಲೆ ಪರೀಕ್ಷೆ ಎಲ್ಲಿ ಉಳೀತು? ಹೋದ ಸಲ ಬೇರೆ ಜಿಲ್ಲೆಯಲ್ಲಿ ಕಾರ್ಯಕರ್ತರು ಹೀಗೇ ಮರುಗಿದರು. ಪೂರಾ ಅಂಕಿಅಂಶ ತಿರಸ್ಕಾರ ಆಯ್ತು, ಯೋಜನೆ ಹಿಂದೆ ಬಿತ್ತು. ಆ ತಡದಲ್ಲಿ ಎಷ್ಟು ಜನಕ್ಕೆ ಧಾನ್ಯ ಸಿಗಲಿಲ್ಲ ಅಂತ ಯಾರೂ ಲೆಕ್ಕ ಇಡಲಿಲ್ಲ. ಎರಡನೆ ಸುತ್ತು ಮುಗಿಯೋವರೆಗೆ ತಡಕೋ ಅನುಸೂಯಾ. ಆಮೇಲೆ ನಿನ್ನ ಪೈಲ್ವಾನರಿಗೂ ಸಿಗ್ತದೆ.”

ಅನುಸೂಯಾ ಹೊರಗೆ ಬಂದು ಮತ್ತೆ ಪರದೆಯ ಮುಂದೆ ಕೂತಳು. ಮೇಡಂ ಹೇಳಿದ್ದರಲ್ಲಿ ತಪ್ಪು ಹುಡುಕಲು ಅವಳಿಗೆ ಆಗಲಿಲ್ಲ. ಆದರೆ ಮರುದಿನ ಮನೆಯಿಂದ ಹೊರಡುವಾಗ ಡೇರಿಯಲ್ಲಿ ನಿಂತು ಎಮ್ಮೆ ಹಾಲು ತುಂಬಿಸಿಕೊಂಡಳು, ಕಿರಾಣಿ ಅಂಗಡಿಯಲ್ಲಿ ಬದಾಮಿ, ತುಪ್ಪ, ಜೋಳದ ಹಿಟ್ಟು ತೆಗೆದುಕೊಂಡಳು.

“ಯಾರೋ ನಿಮ್ಮ ಹಳೇ ಶಿಷ್ಯಾರಂತ್ರಿ ಅಜ್ಜಾರ. ನಮ್ಮ ಆಫೀಸಿಗೆ ಬಂದಿದ್ರು. ಗುರುಗೋಳಿಗೆ ಮುಟ್ಟಸ್ರಿ ಅಂತ ಕೊಟ್ಟು ಹೋಗ್ಯಾರ. ಹೆಸರು ಹೇಳಲಿಲ್ಲ.”

ಪೈಲ್ವಾನರು ಚೀಲದೊಳಗೆ ಕೈ ಹಾಕಿ ಬದಾಮಿಯನ್ನು ಬೆರಳಲ್ಲಿ ಉರುಳಿಸಿ ನೋಡಿದರು. “ಎತ್ತರಕ್ಕಿದ್ನೇನು? ಕಿವಿ ಮುರದಿತ್ತಾ?”

“ಹೂಂ ರೀ.”

“ಹಂಗಾದ್ರ ಅವ ಧೂಳಪ್ಪನ. ನಾ ಕಲಿಸಿದ ಪಟ್ಟು ಹಾಕಿ ದಸರಾದಾಗ ಗೆದ್ದಾಂವ.” ಅವರು ಸೊಸೆಯನ್ನು ಕೂಗಿದರು. “ಕಾಶವ್ವಾ, ಹಾಲು ಕಾಸು. ಮೂರು ಮಂದಿಗೂ.”

ಕಾಶವ್ವ ಹಾಲಿನ ಕ್ಯಾನು ಎತ್ತಿಕೊಳ್ಳುವಾಗ ಅನುಸೂಯಾಳ ಮುಖ ನೋಡಿದಳು. ಒಳಗೆ ಹೋದ ಮೇಲೆ ಒಲೆಯ ಮುಂದೆ ಕಾಶವ್ವ ತನ್ನ ಕೈ ಹಿಡಿದುಕೊಂಡಾಗಲೇ ಅನುಸೂಯಾಗೆ ತನ್ನ ಸುಳ್ಳು ನಡೆದಿಲ್ಲವೆಂದು ಗೊತ್ತಾದದ್ದು. “ಧೂಳಪ್ಪ ತೀರಕೊಂಡು ವರ್ಷಾದುವ್ರಿ ಅಕ್ಕಾರ. ಮಾವಾರಿಗೆ ಹೇಳಿಲ್ಲ.”

ಆವತ್ತು ಮುದುಕರು ಎರಡು ರೊಟ್ಟಿಗೆ ತುಪ್ಪ ಸವರಿಕೊಂಡು, ಇದ್ದೊಂದು ದವಡೆಹಲ್ಲಿನಲ್ಲಿ ನಿಧಾನ ಜಗಿದು, ಹಾಲು ಕುಡಿದು, ಮೀಸೆ ಒರೆಸಿಕೊಂಡರು. ತಾವು ಗೆದ್ದ ಕುಸ್ತಿಗಳ ಕತೆ ಹೇಳಿದರು. ಕಾಶವ್ವ ನಕ್ಕಳು. ಅನುಸೂಯಾ ವಾರಕ್ಕೆ ಎರಡು ಮೂರು ಸಲ ಹೋಗತೊಡಗಿದಳು. ಪರದೆಯಲ್ಲಿ ಬಿಳಿ ಕಾಣಿಸಿತು, ಹಳದಿ ಕಾಣಿಸಿತು. ಯಾರಾದರೂ ಕೇಳುತ್ತಾರೇನೋ ಎಂದು ಅವಳಿಗೆ ಅಂಜಿಕೆಯಿತ್ತು. ಯಾರೂ ಕೇಳಲಿಲ್ಲ.

ಎರಡನೆ ಸುತ್ತಿನಲ್ಲಿ ಪೈಲ್ವಾನರು ಮೊದಲಿನ ಉತ್ತರಗಳನ್ನೇ ಮೊದಲಿನ ಗತ್ತಿನಲ್ಲೇ ಹೇಳಿದರು. ಅರ್ಧ ಸೇರು ಹಾಲು, ಒಂದು ಹಿಡಿ ಬದಾಮಿ, ಹೊತ್ತಿಗೆ ಐದು ರೊಟ್ಟಿ. ಒಂದಕ್ಷರ ಹೆಚ್ಚುಕಡಿಮೆಯಾಗಲಿಲ್ಲ. ಕಾಶವ್ವ ಈ ಸಲವೂ ಇದ್ದದ್ದನ್ನೇ ಹೇಳಿದಳು. ಹೋಳಿಗೆ ಇಲ್ಲ, ಪಲಾವ್ ಇಲ್ಲ, ಬೇಳೆ ಅಪರೂಪಕ್ಕೆ, ಹಸಿದು ಮಲಗಿದ್ದುಂಟು.

ಕೆಲವು ವಾರಗಳ ಮೇಲೆ ಮಾಳವಾಡರು ಎಲ್ಲರನ್ನೂ ಪರದೆಯ ಮುಂದೆ ಸೇರಿಸಿದರು. ಅವರ ಮುಖ ಬೆಳಗಿತ್ತು. ಎರಡು ಸುತ್ತಿನ ಉತ್ತರಗಳು ಎಷ್ಟು ಹೊಂದುತ್ತವೆ ಎಂಬುದನ್ನು ಸೊನ್ನೆಯಿಂದ ಒಂದರವರೆಗಿನ ಒಂದು ಅಂಕಿಯಲ್ಲಿ ಹೇಳುತ್ತಾರೆ. ಅದನ್ನು ಗುಣಾಂಕ ಎನ್ನುತ್ತಿದ್ದರು. ಗುಣಾಂಕ ಮಂಡಳಿ ಕೇಳಿದ್ದಕ್ಕಿಂತ ಮೇಲಿತ್ತು. ಮಣಿಯೊಂದಿಗಿನ ಹೋಲಿಕೆಯೂ ಪಾಸಾಗಿತ್ತು. ಆ ಹೋಲಿಕೆಗೆ ಕಡೆಯ ತಿಂಗಳ ಪಟ್ಟಿಯನ್ನಷ್ಟೇ ತೆಗೆದುಕೊಂಡಿದ್ದರು.

“ಇದನ್ನ ನೋಡಿ,” ಎಂದು ಒಂದು ಪಟ್ಟಿಯನ್ನು ದೊಡ್ಡದು ಮಾಡಿ ತೋರಿಸಿದರು. “ಎಂಬತ್ತು ದಾಟಿದ ಮನುಷ್ಯ. ಹಾಲು, ಬದಾಮಿ, ತುಪ್ಪ. ಏನು ಹೇಳಿದ್ದಾರೋ ಅದೇ ಜಾತಿಯ ಆಹಾರ ಬಾಯಲ್ಲಿದೆ. ಪ್ರಮಾಣ ಸ್ವಲ್ಪ ಹೆಚ್ಚು ಹೇಳಿದ್ದಾರೆ, ಅದು ಇದ್ದದ್ದೇ. ವಯಸ್ಸಾದವರ ನೆನಪು ನಂಬಬಾರದು ಅಂದವರಿಗೆ ಇದೇ ಉತ್ತರ.”

ಪರದೆಯ ಮೇಲಿನ ಒಂದೊಂದು ಬಿಳಿ ಗೆರೆಯೂ ತಾನು ಒಯ್ದ ಹಾಲೆಂದು ಅನುಸೂಯಾ ಎಣಿಸಿಕೊಂಡಳು.

“ಇವರ ಸೊಸೀದು ರೀ ಮೇಡಂ?” ಎಂದು ಯಾರೋ ಕೇಳಿದರು.

“ಅದನ್ನ ತೆಗೆದುಹಾಕಿದೀವಿ. ಒಂದು ಸಲ ದಿನಾ ಹೋಳಿಗೆ ಅಂತಾಳೆ, ಎರಡು ತಿಂಗಳಿಗೆ ಹಸಿದು ಮಲಗಿದೆ ಅಂತಾಳೆ. ಅಸ್ಥಿರ ಉತ್ತರದಾತೆ. ಇಂಥವರನ್ನ ಇಟ್ಟುಕೊಂಡರೆ ಗುಣಾಂಕ ಕೆಳಗೆ ಬೀಳ್ತದೆ.”

“ಆಕಿ ಖರೇನ ಹೇಳ್ಯಾಳ್ರಿ. ಮಣಿ ನೋಡ್ರಿ ಬೇಕಾದ್ರ,” ಎಂದಳು ಅನುಸೂಯಾ.

“ನಿಜ ಇರಬಹುದು. ಆದರೆ ವರ್ಷಕ್ಕೊಮ್ಮೆ ಕೇಳೋ ಪ್ರಶ್ನೆಗೆ ತಿಂಗಳಿಗೊಂದು ಉತ್ತರ ಕೊಡೋರನ್ನ ಯಾವ ಶ್ರೇಣಿಗೆ ಹಾಕೋಣ?”

ಸಭೆ ಮುಗಿದ ಮೇಲೆ ಅನುಸೂಯಾ ಬಾಗಿಲು ಹಾಕಿಕೊಂಡು ಮಾಳವಾಡರಿಗೆ ಎಲ್ಲ ಹೇಳಿದಳು. ಹಾಲು, ಬದಾಮಿ, ತುಪ್ಪ, ಇಲ್ಲದ ಶಿಷ್ಯ. ಬೈಗುಳಕ್ಕೆ ಸಿದ್ಧಳಾಗಿದ್ದಳು. ಮಾಳವಾಡರು ಬೈಯಲಿಲ್ಲ. ಕಂಪ್ಯೂಟರಿನ ಕಡೆ ತಿರುಗಿ ಪೈಲ್ವಾನರ ಪಟ್ಟಿಯನ್ನು ತೆಗೆದು ಲೆಕ್ಕವನ್ನು ಮತ್ತೊಮ್ಮೆ ಓಡಿಸಿದರು. ಗುಣಾಂಕ ಕೂದಲೆಳೆಯಷ್ಟೂ ಅಲುಗಲಿಲ್ಲ.

“ನೋಡು,” ಎಂದರು ಮೆತ್ತಗೆ. “ಅವರನ್ನ ಇಟ್ಟರೂ ಅಷ್ಟೇ, ತೆಗೆದರೂ ಅಷ್ಟೇ. ನೀನು ಮಾಡಿದ್ದರಿಂದ ಏನೂ ಆಗಿಲ್ಲ. ಆದರೆ ನಾನಿದನ್ನ ಮೇಲೆ ತಿಳಿಸಿದರೆ ನೀನು ಕೇಳಿದ ಎಲ್ಲ ಮನೆಗಳೂ ರದ್ದಾಗ್ತವೆ. ಆ ಓಣಿಗಳು ಮೊದಲ ವರ್ಷದ ಯೋಜನೆಯಿಂದ ಹೊರಗೆ ಬೀಳ್ತವೆ. ಬೇಕಾ?”

ಅನುಸೂಯಾ ಬೇಡವೆಂದು ತಲೆ ಅಲ್ಲಾಡಿಸಿದಳು.

“ಹಾಗಾದರೆ ಇರಲಿ ಬಿಡು.” ಅವರು ಪಟ್ಟಿಯನ್ನು ಮತ್ತೆ ಸೇರಿಸಿದರು. “ನಾಳೆಯಿಂದ ನೀನು ಗದಗದ ಕಡೆ ನೋಡಿಕೋ. ಇಲ್ಲಿನ ಮಣಿ ತೆಗೆಯೋಕೆ ಬೇರೆಯವರು ಹೋಗ್ತಾರೆ.”

ಯೋಜನೆ ಜಾರಿಯಾಯಿತು. ಪರೀಕ್ಷೆಗೆ ಒಳಗಾಗಿದ್ದ ಮನೆಗಳಿಗೆ ಮತ್ತೆ ಪ್ರಶ್ನೆ ಕೇಳುವ ಗೋಜಿರಲಿಲ್ಲ, ಇದ್ದ ಉತ್ತರಗಳ ಮೇಲೆಯೇ ಶ್ರೇಣಿ ಬಂತು. ಬಾಳಪ್ಪ ಪೈಲ್ವಾನರಿಗೆ ‘ಸಂತೃಪ್ತ’. ಆ ಶ್ರೇಣಿಗೆ ಸಿಗುತ್ತಿದ್ದದ್ದು ಉಪ್ಪು, ಒಂದಿಷ್ಟು ಅಡುಗೆ ಎಣ್ಣೆ. ಕಾಶವ್ವನದು ‘ಅಸ್ಥಿರ, ಮುಂದಿನ ವರ್ಷ ಪರಿಶೀಲನೆ’. ಹಳೆಯ ಕಾರ್ಡಿನ ಅಕ್ಕಿ, ಜೋಳ ನಿಂತವು. ಬೇರೆ ಕಡೆಗಳಲ್ಲಿ ಯೋಜನೆ ಚೆನ್ನಾಗಿಯೇ ನಡೆಯಿತು. ತಾವು ಉಪವಾಸವೆಂದು ಎರಡೂ ಸಲ ಒಂದೇ ರೀತಿ ಹೇಳಲು ಬಂದವರಿಗೆ ಮೂಟೆ ತುಂಬ ಧಾನ್ಯ ಬಂತು. ಅವರಲ್ಲಿ ಹಲವರು ನಿಜವಾಗಿಯೂ ಉಪವಾಸವಿದ್ದವರು. ಮಾಳವಾಡರಿಗೆ ಸನ್ಮಾನಗಳಾದವು. ಗದಗ, ರೋಣ, ಮುಂಡರಗಿ ಎಂದು ಅಲೆಯುತ್ತಿದ್ದ ಅನುಸೂಯಾಗೆ ಹುಬ್ಬಳ್ಳಿಯ ಓಣಿಗೆ ಹೋಗಲು ಆಗಲಿಲ್ಲ. ಒಂದೆರಡು ಸಲ ಪರಿಚಯದವರ ಕೈಯಲ್ಲಿ ಬದಾಮಿ ಕಳಿಸಿದಳು. ಆಮೇಲೆ ಅದೂ ತಪ್ಪಿತು.

ಮರುವರ್ಷದ ಪರಿಶೀಲನೆಗೆ ಅವಳೇ ಕೇಳಿಕೊಂಡು ಆ ಓಣಿ ಹಾಕಿಸಿಕೊಂಡಳು. ಈ ಸಲ ಹಲ್ಲುಮಣಿ ಇರಲಿಲ್ಲ, ಕೈಯಲ್ಲಿ ಒಂದು ಟ್ಯಾಬ್. ಓದಲು ಬಾರದವರಿಗೂ ತಿಳಿಯಲೆಂದು ಅದು ಪ್ರಶ್ನೆ, ಉತ್ತರ, ತೀರ್ಪು ಎಲ್ಲವನ್ನೂ ಸಿಹಿಯಾದ ಹೆಣ್ಣುದನಿಯಲ್ಲಿ ಓದಿ ಹೇಳುತ್ತಿತ್ತು.

ಪೈಲ್ವಾನರು ಚಾಪೆಯ ಮೇಲೆ ಮಲಗಿದ್ದರು. ಅವಳನ್ನು ಕಂಡು ಏಳಲು ಹೋಗಿ, ಆಗದೆ, ಕಾಶವ್ವ ಬೆನ್ನಿಗೆ ಕೈ ಕೊಟ್ಟ ಮೇಲೆ ಕೂತರು. ಮುಖದಲ್ಲಿ ಮೀಸೆ ಮಾತ್ರ ಮೊದಲಿನಷ್ಟೇ ದೊಡ್ಡದಿತ್ತು. ಕಾಶವ್ವನ ಕೈ ಬಳೆ ಮೊಣಕೈಯ ತನಕ ಜಾರುತ್ತಿತ್ತು. ಅಡುಗೆ ತಂಡದ ಯಜಮಾನ ಪಾತ್ರೆ ತೊಳೆಯಲು ಮಷೀನು ತಂದು ಅರ್ಧ ಹೆಣ್ಣುಮಕ್ಕಳನ್ನು ಬಿಡಿಸಿದ್ದನಂತೆ. ಇವಳಿಗೆ ಆಗೊಮ್ಮೆ ಈಗೊಮ್ಮೆ ಕರೆ ಬರುತ್ತಿತ್ತು.

“ಅಜ್ಜಾರ,” ಅನುಸೂಯಾ ಅವರ ಪಕ್ಕದಲ್ಲಿ ನೆಲಕ್ಕೇ ಕೂತಳು. “ಈ ಸಲ ಖರೆ ಹೇಳ್ರಿ. ಹಾಲು ಬದಾಮಿ ಅಂತ ಹೇಳೂದಕ್ಕ ನಿಮಗ ಜೋಳ ಬರವಲ್ದು.”

“ನಾ ಸುಳ್ಳು ಹೇಳೀನೇನು?”

“ನಿಮ್ಮ ಹಲ್ಲಿಗೆ ಅಂಟಿಸಿದ ಮಣಿ ಜಗಿಯೂದು ನೋಡಾಕ ಅಂದಿದ್ನೆಲ್ಲಾ, ಅದು ನೀವು ಏನೇನು ತಿಂದ್ರಿ ಅನ್ನೂದನ್ನೂ ಹೇಳತಿತ್ತು. ನನಗ ಎಲ್ಲಾ ಗೊತ್ತೈತ್ರಿ. ಆಷಾಢದಾಗ ನಿಮ್ಮ ರೊಟ್ಟಿ ಯಾರ ಕಡೆ ಹೋಗತಿತ್ತು ಅನ್ನೂದೂ.”

ಮುದುಕರು ಮೀಸೆಯ ಮೇಲೆ ಕೈ ಆಡಿಸಿಕೊಂಡರು. ಕಾಶವ್ವ ಮಾವನ ಕಾಲ ಬಳಿ ಕೂತು, “ಹೇಳ್ರಿ ಮಾವಾರ. ನನಗೇನ್ ಅವಮಾನ ಆಗಂಗಿಲ್ಲ. ಈ ಮನ್ಯಾಗ ಇಲ್ಲ ಅಂದ್ರ ಇಲ್ಲ,” ಎಂದಳು.

ಅನುಸೂಯಾ ಟ್ಯಾಬ್ ತೆರೆದಳು. ಹೆಣ್ಣುದನಿ ಕೇಳಿತು, ಹಾಲು ಎಷ್ಟು ಸಲ?

“ಇಲ್ಲ,” ಎಂದರು ಪೈಲ್ವಾನರು. ಗೋಡೆಯ ಕಡೆ ಮುಖ ಮಾಡಿದ್ದರು.

ಬದಾಮಿ?

“ಇಲ್ಲ.”

ರೊಟ್ಟಿ?

“ಇದ್ರ ಒಂದು. ಇಲ್ಲಂದ್ರ ಇಲ್ಲ.”

ಹಸಿದು ಮಲಗಿದ್ದುಂಟೇ?

ಅನುಸೂಯಾ ಕಾಯ್ದಳು. ದನಿ ಎರಡನೆ ಸಲ ಅದನ್ನೇ ಕೇಳಿತು. “ಮಲಗೀನಿ,” ಎಂದರು. “ನಾನೂ ಮಲಗೀನಿ, ನನ್ನ ಸೊಸೀನೂ ಮಲಗ್ಯಾಳ. ಬರಕೋ.” ಹೇಳಿ ಮುಗಿಸಿ ಅಂಗೈಯಿಂದ ಕಣ್ಣು ಮುಚ್ಚಿಕೊಂಡರು.

ಟ್ಯಾಬಿನಲ್ಲಿ ಸ್ವಲ್ಪ ಹೊತ್ತು ಒಂದು ಚಕ್ರ ತಿರುಗಿತು. ಆಮೇಲೆ ಅದೇ ಸಿಹಿ ದನಿ ಓದಿತು.

“ಈ ಉತ್ತರಗಳು ನಿಮ್ಮ ಹಿಂದಿನ ಉತ್ತರಗಳಿಗೆ ಹೊಂದುವುದಿಲ್ಲ. ನೀವು ಸುಳ್ಳು ಮಾಹಿತಿ ನೀಡುತ್ತಿರುವ ಸಾಧ್ಯತೆ ಇದೆ. ದಯವಿಟ್ಟು ನಿಜವಾದ ಉತ್ತರ ನೀಡಿ. ತಪ್ಪಿದರೆ ನಿಮ್ಮ ಮನೆಯ ಶ್ರೇಣಿ ರದ್ದಾಗುತ್ತದೆ.”

ಅನುಸೂಯಾ ಹೊರಗೆ ಓಡಿ ಮಾಳವಾಡರಿಗೆ ಫೋನ್ ಮಾಡಿದಳು.

“ಹೌದು, ಹಾಗೆ ಕಟ್ಟಿದೀವಿ,” ಎಂದರು ಅವರು. ಹಿನ್ನೆಲೆಯಲ್ಲಿ ಯಾವುದೋ ಸಭೆಯ ಗದ್ದಲ. “ಧಾನ್ಯ ಸಿಗುತ್ತೆ ಅಂತ ಗೊತ್ತಾದ ಮೇಲೆ ಎಲ್ಲರೂ ಉಪವಾಸ ಅಂತಲೇ ಹೇಳ್ತಾರೆ. ಅದಕ್ಕೇ ಹಿಂದಿನ ಉತ್ತರದ ಜೊತೆ ಹೋಲಿಸೋದು. ಉತ್ತರ ಎಷ್ಟು ಸ್ಥಿರವಾಗಿತ್ತೋ ಅಷ್ಟು ಅದರ ತೂಕ ಜಾಸ್ತಿ. ನಿನ್ನ ಪೈಲ್ವಾನರದ್ದು ಅತ್ಯಂತ ಸ್ಥಿರ.”

“ನೀವು ಒಂದು ಮಾತು ಹೇಳಿದ್ರ ತಿದ್ದಾಕ ಬರತೈತಿ ಮೇಡಂ. ಆ ಹಾಲು ನಾನೇ ಒಯ್ದಿದ್ದೆ ಅಂತ ನಿಮಗ ಗೊತ್ತೈತಿ.”

“ಅದನ್ನ ಈಗ ಹೇಳಿದರೆ ಇಡೀ ಪರೀಕ್ಷೆ ಬೀಳ್ತದೆ. ಲಕ್ಷಾಂತರ ಜನ ಉಣ್ತಿದಾರೆ ಇದರ ಮೇಲೆ.” ಸ್ವಲ್ಪ ತಡೆದು, “ಹಳೆಯ ಉತ್ತರಗಳನ್ನೇ ಹಾಕು ಅನುಸೂಯಾ. ಉಪ್ಪು ಎಣ್ಣೆಯಾದರೂ ಉಳೀತದೆ. ರದ್ದಾದರೆ ಅದೂ ಇಲ್ಲ, ಮತ್ತೆ ಹೆಸರು ಸೇರಿಸೋಕೆ ವರ್ಷಗಟ್ಟಲೆ ಆಗ್ತದೆ,” ಎಂದರು.

ಅವಳು ಒಳಗೆ ಬಂದಾಗ ಪೈಲ್ವಾನರು ಗೋಡೆಗೆ ಒರಗಿರಲಿಲ್ಲ. ಕಾಶವ್ವನಿಂದ ನೀರು ತರಿಸಿ ಮುಖ ತೊಳೆದುಕೊಂಡಿದ್ದರು, ತಲೆಗೆ ಪಟಗ ಸುತ್ತಿಕೊಂಡಿದ್ದರು. ಬಾಗಿಲು ತೆರೆದೇ ಇತ್ತು. ಫೋನಿನ ಮಾತು ಅವರಿಗೆ ಕೇಳಿಸಿರಬೇಕು.

“ಅಜ್ಜಾರ, ನಾ ಬ್ಯಾರೆ ಏನರ ದಾರಿ...”

“ಆ ಮಷೀನಿಗೆ ನಾ ಸುಳ್ಳ ಮನಿಷ್ಯಾ ಆದ್ನೇನು?”

“ಅದಕ್ಕೇನ್ ತಿಳೀತೈತ್ರಿ.”

“ಮತ್ತ ಚಾಲೂ ಮಾಡು ಅದನ್ನ.”

ದನಿ ಕೇಳಿತು. ಅವರು ಉತ್ತರಿಸಿದರು. ಮುಂಜಾನೆ ಅರ್ಧ ಸೇರು ಹಾಲು. ಸಂಜಿಕ ಅರ್ಧ ಸೇರು. ಒಂದು ಹಿಡಿ ಬದಾಮಿ. ಒಂದೊಂದು ಉತ್ತರಕ್ಕೂ ಉಸಿರು ತೆಗೆದುಕೊಳ್ಳಬೇಕಾಗುತ್ತಿತ್ತು. ಐದು ರೊಟ್ಟಿ ಎನ್ನುವಾಗ ಕೆಮ್ಮು ಬಂದು ಅರ್ಧಕ್ಕೆ ನಿಂತಿತು. ಟ್ಯಾಬು ತಾಳ್ಮೆಯಿಂದ ಕಾಯಿತು. ಕಾಶವ್ವ ಎದ್ದು ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಹಸಿದು ಮಲಗಿದ್ದುಂಟೇ ಎಂಬುದಕ್ಕೆ ಪೈಲ್ವಾನರು ಇಲ್ಲ ಎಂದರು.

“ಧನ್ಯವಾದಗಳು,” ಎಂದಿತು ದನಿ. “ನಿಮ್ಮ ಉತ್ತರಗಳು ವಿಶ್ವಾಸಾರ್ಹವಾಗಿವೆ.”

ಅವರು ಅನುಸೂಯಾಳ ಕಡೆ ನೋಡಲಿಲ್ಲ. ಚಾಪೆಯ ಮೇಲೆ ಮಗ್ಗುಲಾಗಿ ಮಲಗಿದರು.

ಅನುಸೂಯಾ ಮರುದಿನ ಮಂಡಳಿಗೆ ಎಲ್ಲ ಬರೆದು ತಿಳಿಸಿದಳು. ತಾನು ಹಾಲು ಒಯ್ದದ್ದು, ಮೇಡಂ ಮುಚ್ಚಿಟ್ಟದ್ದು, ಮುದುಕರ ಉತ್ತರವನ್ನು ಯಂತ್ರ ತಿರಸ್ಕರಿಸಿದ್ದು, ಕಾಶವ್ವನದನ್ನು ಮತ್ತೆ ‘ಅಸ್ಥಿರ’ ಎಂದದ್ದು. ಕೆಲವು ವಾರಕ್ಕೆ ಉತ್ತರ ಬಂತು. ಅವಳ ವರ್ತನೆ ನಿಯಮಬಾಹಿರ, ಸೇವೆಯಿಂದ ಬಿಡುಗಡೆ ಮಾಡಲಾಗಿದೆ. ಅವಳು ಹೇಳಿದ ಪ್ರಕರಣದಿಂದ ಗುಣಾಂಕಕ್ಕೆ ಯಾವ ಪರಿಣಾಮವೂ ಇಲ್ಲವೆಂದು ತಜ್ಞರು ಖಚಿತಪಡಿಸಿದ್ದಾರೆ, ಆದ್ದರಿಂದ ಪ್ರಕರಣ ಮುಕ್ತಾಯ.

ಕೆಲಸ ಹೋದ ಮೇಲೆ ನಿಯಮದ ಹಂಗೂ ಹೋಯಿತು. ಅವಳು ಹಾಲು ತೆಗೆದುಕೊಂಡು ಓಣಿಗೆ ಬಂದಳು. ಗರಡಿಮನೆಯ ತಿರುವಿನಲ್ಲೇ ಅವಳಿಗೆ ಗೊತ್ತಾಯಿತು. ಅಂಗಳದಲ್ಲಿ ಹೆಣಕ್ಕೆ ನೀರು ಕಾಸಿದ ಬೂದಿ ಬಿದ್ದಿತ್ತು, ಹೊಸ್ತಿಲ ಮುಂದೆ ರಂಗೋಲಿ ಇರಲಿಲ್ಲ. ಮಣ್ಣು ಮಾಡಿ ಬಂದು ಕೆಲವು ದಿನಗಳಾಗಿದ್ದವು.

ಕಾಶವ್ವ ಬಾಗಿಲಲ್ಲೇ ನಿಂತಿದ್ದಳು. ಕೆಲಸಕ್ಕೆ ಹೊರಟ ಸೀರೆ, ಕಂಕುಳಲ್ಲಿ ಒಂದು ಚೀಲ. ಒಳಗೆ ಬಾ ಎನ್ನಲಿಲ್ಲ.

“ಯಾವಾಗ?” ಎಂದಳು ಅನುಸೂಯಾ.

“ನೀವು ಬಂದು ಹೋದ ದಿನದಿಂದ ಬಾಯಿಗೆ ಏನೂ ಹಾಕಲಿಲ್ಲ. ಒಂದು ಮದುವಿ ಸಿಕ್ಕಿತ್ತು, ಹಿಟ್ಟು ತಂದಿದ್ದೆ. ರೊಟ್ಟಿ ಮಾಡಿ ಮುಂದ ಇಟ್ರ ಉಂಡೀನಿ ಅಂತಿದ್ರು. ಎಲ್ಲಿ ಉಂಡ್ರಿ ಅಂದ್ರ ಮುಂಜಾನೆ ಹಾಲು ಕುಡದೀನಲ್ಲ, ಮಷೀನು ಹೇಳಲಿಲ್ಲೇನು ಅಂತಿದ್ರು.”

ಅನುಸೂಯಾ ಅಳುತ್ತಿದ್ದಳು. ಕಾಶವ್ವ ಅಳಲಿಲ್ಲ.

“ಅವ್ರು ಇಷ್ಟ ವರ್ಷ ಸುಳ್ಳು ಹೇಳ್ಕೊಂಡು ಹಸಿವಿ ತಡಕೊಂಡಿದ್ರು ಅಕ್ಕಾರ. ನನಗ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಇಬ್ಬರೂ ಮುಖ ನೋಡಿ ನಕ್ಕೋಂತ ಇದ್ವಿ. ನೀವು ನನ್ನ ಮುಂದ ಅವರ ಬಾಯಿಂದ ಅದನ್ನ ಹೇಳಸಿದ್ರಿ. ನಾನೂ ಹೇಳ್ರಿ ಅಂತ ಕೂತೆ.”

“ನಾ ಒಳ್ಳೇದಾಗಲಿ ಅಂತ...”

“ಹೂಂ. ಗೊತ್ತೈತಿ.”

ಓಣಿಯ ಬಾಯಲ್ಲಿ ಅಡುಗೆ ತಂಡದ ಟೆಂಪೋ ಬಂದು ನಿಂತು ಹಾರ್ನ್ ಹೊಡೆಯಿತು. ಹಿಂದೆ ದೊಡ್ಡ ಹಂಡೆಗಳ ನಡುವೆ ಹೆಣ್ಣುಮಕ್ಕಳು ಕೂತಿದ್ದರು. ಕಾಶವ್ವ ಬಾಗಿಲು ಎಳೆದು ಬೀಗ ಹಾಕಿದಳು. ಅನುಸೂಯಾ ಹಾಲಿನ ಕ್ಯಾನು ಮುಂದೆ ಚಾಚಿದಳು. ಕಾಶವ್ವ ಅದನ್ನು ನೋಡಿ, “ಸ್ವಲ್ಪ ಆ ಕಡೆ ಸರೀರಿ, ನನಗ ಹೊತ್ತಾತು,” ಎಂದು ಅವಳನ್ನು ದಾಟಿಕೊಂಡು ಟೆಂಪೋ ಕಡೆಗೆ ನಡೆದಳು.